ಸತ್ಯಾಂಶ: ಉಸಿರು ಕಟ್ಟಿಸುವುದು ಮಾಚು ಪಿಚು ಅಲ್ಲ, ಕುಸ್ಕೊ

ಪೆರುವಿನ ಇಂಕಾ ಅವಶೇಷವಾದ ಮಾಚು ಪಿಚು ಅತಿ ಎತ್ತರದಲ್ಲಿರುವುದರಿಂದ ಉಸಿರಾಟದ ತೊಂದರೆ ಅಲ್ಲಿಯೇ ಆರಂಭವಾಗುತ್ತದೆ, ಕುಸ್ಕೊ ನಗರದವರೆಗೆ ಚಿಂತೆಯಿಲ್ಲ ಎಂಬ ಸಂದೇಶವೊಂದು ಹರಿದಾಡುತ್ತಿದೆ. ವಾಸ್ತವ ಇದಕ್ಕೆ ತಿರುವುಮುರುವಾಗಿದೆ. ಮಾಚು ಪಿಚು ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿದ್ದರೆ, ಚಾರಣಿಗರು ವಿಮಾನದಿಂದ ಇಳಿಯುವ ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಕಡಲತೀರದ ಲಿಮಾದಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಅಷ್ಟು ಮೇಲಕ್ಕೆ ಬಂದಾಗ, ಗಾಳಿಯ ಒತ್ತಡ ಕುಸಿದು ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ತಗ್ಗುತ್ತದೆ. ಹೊಂದಿಕೊಳ್ಳಲು ದೇಹಕ್ಕೆ ಸಮಯ ಸಿಗದೆ ಹಲವರಿಗೆ ತಲೆನೋವು, ವಾಕರಿಕೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಮೊದಲ ರಾತ್ರಿಗಳನ್ನು 2,800 ಮೀಟರ್ ಆಸುಪಾಸಿನ ಒಯ್ಯಾಂಟೈಟಾಂಬೊ ಪಟ್ಟಣದಲ್ಲಿ ಕಳೆಯುವುದು ಜಾಣತನ. ನಾಲ್ಕು ದಿನಗಳ ಇಂಕಾ ಹಾದಿಯಲ್ಲಿ ನಡೆಯುವವರ ಲೆಕ್ಕ ಬೇರೆ: ಅವರು 'ಸತ್ತ ಹೆಂಗಸು' ಎಂಬ ಅರ್ಥದ ಹೆಸರಿನ ಸುಮಾರು 4,200 ಮೀಟರ್ ಎತ್ತರದ ಘಟ್ಟವನ್ನು ದಾಟಿ, ಕೊನೆಗೆ ಮಾಚು ಪಿಚುವಿಗೆ ಇಳಿದು ಬರುತ್ತಾರೆ.