ಹೊಲಿಗೆ ಕೀವಾದ್ರೆ ಬದನೆಕಾಯಿಗೆ ಬೈಯೋ ಮುಂಚೆ

ಆಪರೇಷನ್ ಮಾಡಿಸ್ಕೊಂಡು ಮನೆಗೆ ಬಂದ ಮೇಲೆ ಹೊಲಿಗೆ ಹತ್ರ ಕೆಂಪಾಗಿ ಕೀವು ಬಂತು ಅಂದ್ರೆ ನಮ್ಮ ಜನ ಮೊದಲು ಕೇಳೋದೇ ಏನು ತಿಂದೆ ಅಂತ. ಬದನೆಕಾಯಿ ನಂಜು, ಮೀನು ನಂಜು, ಯಾರು ಕೊಟ್ರು ನಿಂಗೆ ಅದನ್ನ! ಅದಾದ್ಮೇಲೆ ಡ್ರೆಸ್ಸಿಂಗ್ ಮಾಡಿದ ಸಿಸ್ಟರ್‌ಗೆ ಬೈಗುಳ. ಓಟಿ (ಆಪರೇಷನ್ ಥಿಯೇಟರ್) ಒಳಗೆ ಪೇಷಂಟ್ ಮೈ ಎಷ್ಟು ತಣ್ಣಗಾಗಿತ್ತು ಅಂತ ಒಬ್ಬರೂ ಕೇಳಿದ್ದು ನಾನು ಕಂಡಿಲ್ಲ. ಅನಸ್ತೇಶಿಯಾ ಟೆಕ್ನೀಷಿಯನ್ ಕೆಲಸ ನಂದು, ಅದಕ್ಕೇ ಈ ಉದ್ದ ಪೋಸ್ಟು.

ಇದೇನು ಹೊಸ ವಿಷಯ ಅಲ್ಲ. 1996ರಲ್ಲೇ ಆಸ್ಟ್ರಿಯಾ ಕಡೆ ದೊಡ್ಡ ಕರುಳಿನ ಆಪರೇಷನ್ ಆದ 200 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು, ಒಂದು ಗುಂಪಿಗೆ ಬಿಸಿ ಗಾಳಿ ಬ್ಲಾಂಕೆಟ್ಟು ಬೆಚ್ಚಗಿನ ಡ್ರಿಪ್ಪು, ಇನ್ನೊಂದು ಗುಂಪಿಗೆ ಆಗ ಎಲ್ಲಾ ಕಡೆ ನಡೀತಿದ್ದ ಹಾಗೆ. ಆಪರೇಷನ್ ಮುಗಿಯೋ ಹೊತ್ತಿಗೆ ಬೆಚ್ಚಗಿದ್ದವರ ಮೈ 36.6 ಡಿಗ್ರಿ ಸೆಲ್ಸಿಯಸ್, ತಣ್ಣಗಾದವರದ್ದು 34.7. ನಮ್ಮ ಜ್ವರದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೇಳೋದಾದ್ರೆ 98ರ ಹತ್ರ ಮತ್ತೆ 94ವರೆ, ಅಷ್ಟೇ ವ್ಯತ್ಯಾಸ. ಗಾಯಕ್ಕೆ ಇನ್ಫೆಕ್ಷನ್ ಆಗಿದ್ದು ಬೆಚ್ಚಗಿದ್ದವರಲ್ಲಿ ನೂರಕ್ಕೆ 6 ಜನಕ್ಕೆ, ತಣ್ಣಗಾದವರಲ್ಲಿ 19 ಜನಕ್ಕೆ. ತಣ್ಣಗಾದವರು ಆಸ್ಪತ್ರೇಲಿ ಇದ್ದಿದ್ದೂ ಸರಾಸರಿ ಎರಡೂವರೆ ದಿನ ಜಾಸ್ತಿ, ಬಿಲ್ ಎಷ್ಟಾಗತ್ತೆ ಅಂತ ನೀವೇ ಲೆಕ್ಕ ಹಾಕ್ಕೊಳಿ.

ಯಾಕೆ ಹೀಗೆ? ಮಾಮೂಲಿಯಾಗಿ ಚಳಿ ಆದ್ರೆ ಮೈ ಕೈಕಾಲಿನ ರಕ್ತನಾಳ ಬಿಗಿ ಮಾಡಿ ಬಿಸಿನ ಒಳಗೇ ಉಳಿಸ್ಕೊಳತ್ತೆ. ಅನಸ್ತೇಶಿಯಾ ಕೊಟ್ಟ ಕೂಡ್ಲೆ ಆ ಬಿಗಿ ಬಿಟ್ಟೋಗಿ ಎದೆ ಹೊಟ್ಟೇಲಿದ್ದ ಬಿಸಿ ಎಲ್ಲಾ ಕೈಕಾಲಿಗೆ ಹರಿದು ಮೊದಲ ಗಂಟೆಲೇ ಒಂದು ಒಂದೂವರೆ ಡಿಗ್ರಿ ಇಳಿದಿರತ್ತೆ, ಅದರ ಮೇಲೆ ಮೈಮೇಲೆ ಬಟ್ಟೆ ಇಲ್ಲ, ಹೊಟ್ಟೆಗೆ ತಣ್ಣನೆ ಸ್ಪಿರಿಟ್ಟು, ಮೇಲಿಂದ ಎಸಿ. ಜಾಸ್ತಿ ಇಳಿದ ಮೇಲೆ ಮೈ ಎಚ್ಚೆತ್ತು ಮತ್ತೆ ರಕ್ತನಾಳ ಬಿಗಿ ಮಾಡತ್ತೆ, ಆಗ ಗಾಯದ ಸುತ್ತ ಚರ್ಮದಡಿ ರಕ್ತ ಕಡಿಮೆ, ಆಕ್ಸಿಜನ್ ಕಡಿಮೆ. ಬಿಳಿ ರಕ್ತಕಣ ಬ್ಯಾಕ್ಟೀರಿಯಾನ ಕೊಲ್ಲೋದಕ್ಕೆ ಆಕ್ಸಿಜನ್ ಬೇಕೇ ಬೇಕು. ಗಾಯದ ಹಣೆಬರಹ ಬರೆಯೋದು ಆ ಮೊದಲ ಕೆಲವು ಗಂಟೆಗಳೇ, ಆಮೇಲೆ ಎಷ್ಟು ದುಬಾರಿ ಆಂಟಿಬಯಾಟಿಕ್ ಹಾಕಿದ್ರೂ ಹಿಂದೆ ಓಡಿದ ಹಾಗೇನೇ.

ಸ್ಪೈನಲ್, ಅಂದ್ರೆ ಬೆನ್ನಿಗೆ ಇಂಜೆಕ್ಷನ್ ಹಾಕಿ ಸೊಂಟದ ಕೆಳಗೆ ಮರಗಟ್ಟಿಸೋದು, ಅದನ್ನ ಕೊಟ್ಟವರಿಗೂ ಇದೇ ಕಥೆ. ಅವರಿಗೆ ಕಾಲು ಬೆಚ್ಚಗೆ ಅನ್ಸತ್ತೆ, ಹಾಗಾಗಿ ಚಳಿ ಅಂತ ಹೇಳೋದೇ ಇಲ್ಲ, ಒಳಗೆ ಮಾತ್ರ ಇಳೀತಿರತ್ತೆ.

ನನ್ನ ಸಿಟ್ಟು ಇರೋದು ಮಾನಿಟರ್ ಮೇಲೆ. ಇಸಿಜಿ ಓಡ್ತಿರತ್ತೆ, ಆಕ್ಸಿಜನ್ ನಂಬರ್ ಇರತ್ತೆ, ಬಿಪಿ ಐದೈದು ನಿಮಿಷಕ್ಕೆ ಬರತ್ತೆ. ಪಕ್ಕದಲ್ಲಿ ಟೆಂಪ್ ಅಂತ ಒಂದು ಜಾಗ, ಅಲ್ಲಿ ನಂಬರ್ ಬದಲು ಎರಡು ಗೀಟು. ಟೆಂಪರೇಚರ್ ಅಳೆಯೋ ವೈರು, ಪ್ರೋಬ್ ಅಂತಾರೆ, ಸುರುಳಿ ಸುತ್ತಿ ಡ್ರಾಯರ್‌ನಲ್ಲಿ ಮಲಗಿರತ್ತೆ. ಕೆಲಸ ಮಾಡಿದ ಎರಡು ಮೂರು ಕಡೆ ನೋಡಿದ್ದು ಇದೇ, ಹೆಸರು ಬೇಡ. ಸರ್ಜನ್‌ಗಳಿಗೆ ಗೌನ್ ಹಾಕ್ಕೊಂಡು ಲೈಟ್ ಕೆಳಗೆ ನಿಂತು ಬೆವರು ಕಿತ್ಕೊಂಡು ಬರತ್ತೆ, ಎಸಿ ಇಳಿಸಪ್ಪ ಅಂತಾರೆ, ಪಾಪ ಅವರದ್ದೂ ತಪ್ಪಿಲ್ಲ. ಆದ್ರೆ ಮೇಜಿನ ಮೇಲೆ ಮಲಗಿರೋರಿಗೆ ಮೈ ಬೆಚ್ಚಗಿಡೋ ಒಂದು ವಾರ್ಮರ್ ಹಾಕೋದಕ್ಕೆ ಏನು ಕಷ್ಟ?

ಇನ್ನೊಂದು ಮಾತೂ ಹೇಳ್ಬೇಕು. 2022ರಲ್ಲಿ ಬಂದ ದೊಡ್ಡ ಸ್ಟಡಿ, ಐದು ಸಾವಿರ ಚಿಲ್ಲರೆ ಜನ, ಬಹುಪಾಲು ಚೀನಾದವರು. ಅದರಲ್ಲಿ 37 ಡಿಗ್ರಿಗೆ ಏರಿಸಿ ಇಟ್ಟವರಿಗೂ 35.5ರ ಹತ್ರ ಇದ್ದವರಿಗೂ ಹಾರ್ಟ್ ತೊಂದರೇಲೂ ಇನ್ಫೆಕ್ಷನ್‌ನಲ್ಲೂ ವ್ಯತ್ಯಾಸ ಕಾಣ್ಲಿಲ್ಲ. ಇದನ್ನ ಹಿಡ್ಕೊಂಡು "ನೋಡಿ, ಬಿಸಿ ಗಿಸಿ ಎಲ್ಲಾ ಸುಮ್ನೆ" ಅನ್ನೋರಿದ್ದಾರೆ. ಸ್ವಾಮಿ, ಆ 35.5 ಕೂಡ ಅಳೆದು ಕಾದು ಇಟ್ಟಿದ್ದು. ಅಳೆಯದೇ ಬಿಟ್ರೆ ನಿಮ್ಮ ಪೇಷಂಟ್ 35.5ರಲ್ಲಿದ್ದಾನೋ 34ರಲ್ಲಿದ್ದಾನೋ ಹೆಂಗೆ ಗೊತ್ತಾಗತ್ತೆ? ಡಿಗ್ರಿ ಡಿಗ್ರಿಗೂ ಜಗಳ ಆಡೋದು ಬೇಡ, ಮೊದಲು ಆ ಗೀಟಿನ ಜಾಗದಲ್ಲಿ ಒಂದು ನಂಬರ್ ಬರಲಿ ಅಷ್ಟೇ ನಾನು ಕೇಳೋದು.

ಹಾಗಂತ ಕೀವಿಗೆಲ್ಲಾ ಚಳಿನೇ ಕಾರಣ ಅಂತ ಅಲ್ಲ, ಶುಗರ್ ಇರತ್ತೆ, ಬೀಡಿ ಸಿಗರೇಟ್ ಇರತ್ತೆ, ಆಂಟಿಬಯಾಟಿಕ್ ಕೊಯ್ಯೋ ಮುಂಚೆ ಸರಿಯಾದ ಟೈಮಿಗೆ ಹೋಗಿರಲ್ಲ.

ಮನೇಲಿ ಯಾರಿಗಾದ್ರೂ ಆಪರೇಷನ್ ಇದ್ರೆ, ಫಿಟ್‌ನೆಸ್ ನೋಡೋಕೆ ಅನಸ್ತೇಶಿಯಾ ಡಾಕ್ಟರ್ ಬಂದಾಗ ಕೇಳಿ, ಸರ್ ಟೆಂಪರೇಚರ್ ನೋಡ್ತೀರಾ, ವಾರ್ಮರ್ ಇದ್ಯಾ ಅಂತ. ಒಳಗೆ ಕರ್ಕೊಂಡು ಹೋಗೋ ತನಕ ಚೆನ್ನಾಗಿ ಹೊದಿಸಿ ಕೂರ್ಸಿ. ಇಂಗ್ಲೆಂಡ್‌ನಲ್ಲಿ ಹರ್ನಿಯಾ, ವೆರಿಕೋಸ್ (ಕಾಲಿನ ಉಬ್ಬಿದ ರಕ್ತನಾಳ), ಸ್ತನದ ಆಪರೇಷನ್ ಥರದ ಕೇಸ್‌ಗಳಲ್ಲಿ ಮುಂಚೆ ಅರ್ಧ ಗಂಟೆ ಬೆಚ್ಚಗೆ ಮಾಡಿದ್ದಕ್ಕೇ ಇನ್ಫೆಕ್ಷನ್ ನೂರಕ್ಕೆ 14ರಿಂದ 5ಕ್ಕೆ ಇಳಿದಿತ್ತು, 2001ರ ಮಾತು. ವಾರ್ಡಿಗೆ ಬಂದ್ಮೇಲೆ ನಡುಗ್ತಿದ್ರೆ ಸಿಸ್ಟರ್‌ನ ಕರೀರಿ, ಇನ್ನೊಂದು ಕಂಬಳಿ ಕೇಳಿ. ಬಿಸಿ ನೀರಿನ ಬ್ಯಾಗ್ ಮಾತ್ರ ಕಾಲ ಹತ್ರ ಇಡೋಕೆ ಹೋಗ್ಬೇಡಿ, ಸ್ಪೈನಲ್ ಇಳಿದಿರಲ್ಲ, ಚರ್ಮ ಸುಟ್ಟು ಬೊಬ್ಬೆ ಬಂದ್ರೂ ಅವರಿಗೆ ಗೊತ್ತಾಗಲ್ಲ.