ಒಂದು ಕಾಫಿ ಕೋಲು, ಎರಡು ಕಾರು

ನಮ್ಮ ಮನೆಯಂಗಳದಿಂದ ಕೊಡಗಿನ ಅಮ್ಮತ್ತಿಯ ಡಾಂಬರು ರಸ್ತೆಗೆ ಮುಕ್ಕಾಲು ಕಿಲೋಮೀಟರು. ಅಷ್ಟೂ ತೋಟದ ಮಣ್ಣು ದಾರಿ. ಎರಡೂ ಕಡೆ ರೋಬಸ್ಟಾ ಕಾಫಿ, ನೆಲದಲ್ಲಿ ಜೀಪಿನ ಚಕ್ರ ಕೊರೆದ ಎರಡು ಗೆರೆ, ಆ ಗೆರೆಗಳ ನಡುವೆ ಹುಲ್ಲು ಬೆಳೆದ ದಿಬ್ಬ, ಮಳೆಗಾಲ ಮುಗಿಯುವಷ್ಟರಲ್ಲಿ ಆ ದಿಬ್ಬದಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು ತಲೆ ಎತ್ತಿ ಕೂತಿರುತ್ತದೆ. ಇಂಥ ಕಡೆ ಇರುವವನು ಓಡಿಸುವ ಖುಷಿಗೆ ಅಂತ ಒಂದು ಸ್ಪೋರ್ಟ್ಸ್ ಕಾರು ತಗೊಳ್ಳುತ್ತೇನೆ ಅಂದರೆ ಯಾರಿಗೆ ತಾನೇ ನಗು ಬರುವುದಿಲ್ಲ? ನಮ್ಮ ಭಾವನಿಗೆ ಬಂತು. "ನಿನಗೆ ದುಡ್ಡು ಜಾಸ್ತಿಯಾಗಿದೆ ಮಾರಾಯ, ಸುಮ್ನೆ ಒಂದು ಥಾರ್ ತಗೊ" ಅಂದರು.

ಜಾಸ್ತಿಯಾದದ್ದೇನೂ ಅಲ್ಲ. 2024ರಲ್ಲಿ ರೋಬಸ್ಟಾ ರೇಟು ನಮ್ಮಪ್ಪ ಕನಸಿನಲ್ಲೂ ಕಾಣದಷ್ಟು ಏರಿತಲ್ಲ, ಆಗ ಬ್ಯಾಂಕಿನ ಸಾಲ ತೀರಿಸಿ, ಕಣಕ್ಕೆ ಸಿಮೆಂಟು ಹಾಕಿಸಿ, ಕೆರೆಯ ಮೋಟಾರು ಬದಲಾಯಿಸಿ, ಕೊನೆಗೆ ಕೈಯಲ್ಲಿ ಉಳಿದದ್ದು ಆರು ಲಕ್ಷ. ಕಾಫಿ ಕೈಕೊಟ್ಟ ವರ್ಷಗಳಲ್ಲಿ ನಾನು ಯಾರ ಮೇಲೂ ಹಾರಾಡಿಲ್ಲ, ಅದು ಒಂದು ಸಲ ಕೈಹಿಡಿದಾಗ ನನಗೆ ಅಂತ ಏನಾದರೂ ತಗೊಂಡರೆ ತಪ್ಪೇನು ಅಂತ ನನ್ನ ಜೊತೆ ನಾನೇ ವಾದ ಮಾಡಿ ಗೆದ್ದುಬಿಟ್ಟೆ. ಎದುರು ವಕೀಲ ಇಲ್ಲದ ಕೇಸು.

ಆದರೆ ಆರು ಲಕ್ಷಕ್ಕೆ ನಮ್ಮ ದೇಶದಲ್ಲಿ ನಿಜವಾದ ಸ್ಪೋರ್ಟ್ಸ್ ಕಾರು ಎಲ್ಲಿ ಸಿಗುತ್ತದೆ? ಎರಡೇ ಸೀಟಿನದು ಬೇಕು ಅಂದರೆ ಹಿಂದೆ ಗೋವಾದಲ್ಲಿ ಮಾಡುತ್ತಿದ್ದ ಸ್ಯಾನ್ ಸ್ಟಾರ್ಮ್ ಒಂದಿತ್ತು. ಫೈಬರ್ ಮೈ, 1.2 ಲೀಟರಿನ ರೆನೋ ಎಂಜಿನ್ನು, ಮೇಲೆ ಮಡಚುವ ಬಟ್ಟೆಯ ಮಾಡು. ನೋಡಲು ಚೆಂದ. ಆದರೆ ಕೊಡಗಿನ ಜುಲೈ ತಿಂಗಳಲ್ಲಿ ಬಟ್ಟೆ ಮಾಡಿನ ಕಾರು ಅಂದರೆ ಬಕೆಟ್ಟು, ಅಲ್ವಾ? ಹಾಗಾಗಿ ನಮ್ಮಂಥವರ ಸ್ಪೋರ್ಟ್ಸ್ ಕಾರು ಅಂದರೆ ಮಾಮೂಲಿ ಮನೆ ಕಾರಿಗೆ ಶಕ್ತಿ ಜಾಸ್ತಿ ಇರುವ ಎಂಜಿನ್ನು ಕೂರಿಸಿದ್ದು. ಹಾಟ್ ಹ್ಯಾಚ್ ಅನ್ನುತ್ತಾರೆ. ಹುಡುಕಿ ಹುಡುಕಿ ಕೊನೆಗೆ ಎರಡು ಉಳಿದವು: ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಅಬಾರ್ತ್ ಪುಂಟೋ. ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ಕೇಳುತ್ತಿದ್ದದ್ದು ಆರರ ಆಸುಪಾಸು.

ಪೋಲೋ ಜಿಟಿ ಟಿಎಸ್‌ಐ ನಮ್ಮಲ್ಲಿ ಬಂದದ್ದು 2013ರಲ್ಲಿ. 1.2 ಲೀಟರಿನ ಪುಟ್ಟ ಟರ್ಬೊ ಎಂಜಿನ್ನು, 105 ಹಾರ್ಸ್‌ಪವರ್, ಏಳು ಗೇರಿನ ಡಿಎಸ್‌ಜಿ ಬಾಕ್ಸು. ಕ್ಲಚ್ ಪೆಡಲ್ ಇಲ್ಲ. ಒಳಗೆ ಎರಡು ಕ್ಲಚ್ಚು, ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರು ತಯಾರಾಗಿ ಕಾದಿರುತ್ತದೆ. ಫಿಯೆಟ್ ಕಂಪನಿಯ ಅಬಾರ್ತ್ ಪುಂಟೋ 2015ರದ್ದು. 1.4 ಲೀಟರಿನ ಟಿ-ಜೆಟ್ ಟರ್ಬೊ ಎಂಜಿನ್ನು, 145 ಹಾರ್ಸ್‌ಪವರ್, ಐದು ಗೇರನ್ನೂ ಕೈಯಲ್ಲೇ ಹಾಕಬೇಕು, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಮೂತಿಯ ಮೇಲೆ ಒಂದು ಚೇಳು. ಅದರ ಕಥೆ ನನಗೆ ಬಹಳ ಇಷ್ಟ. ಅಬಾರ್ತ್ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ಹುಟ್ಟಿದ್ದು 1908ರ ನವೆಂಬರಿನಲ್ಲಿ, ಅವರ ಲೆಕ್ಕದಲ್ಲಿ ವೃಶ್ಚಿಕ ರಾಶಿ, ಅದಕ್ಕೇ ಚೇಳು. ರಾಶಿ ನೋಡಿ ಅಂಗಡಿಗೆ ಬೋರ್ಡು ಬರೆಸುವವರು ನಾವು ಮಾತ್ರ ಅಂದುಕೊಂಡಿದ್ದೆ.

ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರು ಸ್ಪೀಡು ಮುಟ್ಟಲು ಪೋಲೋಗೆ 9.7 ಸೆಕೆಂಡು, ಪುಂಟೋಗೆ 8.8. ಕಂಪನಿಗಳೇ ಹೇಳಿದ ಲೆಕ್ಕ ಇದು. ಈ 0.9 ಸೆಕೆಂಡಿಗಾಗಿ ನಾನು ಮೂರು ವಾರ ನಿದ್ದೆಗೆಟ್ಟಿದ್ದೇನೆ. ಆಮೇಲೆ ಒಂದು ದಿನ ವಿರಾಜಪೇಟೆಯಿಂದ ಬೇತ್ರಿ ಮೇಲೆ ಮೂರ್ನಾಡಿಗೆ ಹೋಗುವಾಗ ಸುಮ್ನೆ ಮೀಟರಿನ ಮುಳ್ಳು ನೋಡುತ್ತಾ ಹೋದೆ. ಇಡೀ ದಾರಿಯಲ್ಲಿ ಅರವತ್ತು ದಾಟಿದ್ದು ಎರಡು ಸಲ. ಒಂದು ಸಲ ನಾನೇ ಬ್ರೇಕು ಹಾಕಿದೆ, ಇನ್ನೊಂದು ಸಲ ಮರದ ಲಾರಿ ಹಾಕಿಸಿತು. ನಮ್ಮೂರಲ್ಲಿ ನೂರು ಮುಟ್ಟಿಸಲು ಜಾಗ ಎಲ್ಲಿದೆ? ತಿರುವಿನಾಚೆ ಶನಿವಾರವಾದರೆ ಬೆಂಗಳೂರಿನ ಕಾರಿನವರು ರಸ್ತೆ ನಡುವೆ ನಿಲ್ಲಿಸಿಕೊಂಡು ಮಂಜಿನ ಫೋಟೋ ತೆಗೆಯುತ್ತಿರುತ್ತಾರೆ. ಸಂಜೆಯಾಗಿ ಸಿದ್ದಾಪುರದ ಕಡೆಯಾದರೆ ಆನೆ. ಆನೆಗೆ ಹಾರನ್ ಹೊಡೆಯುವಂತಿಲ್ಲ, ಲೈಟು ಕುಣಿಸುವಂತಿಲ್ಲ, ಮರ್ಯಾದೆಯಾಗಿ ರಿವರ್ಸ್ ಬರಬೇಕು. ರಿವರ್ಸ್ ಬರುವವನಿಗೆ 105 ಆದರೇನು, 145 ಆದರೇನು?

ಅಂದರೆ ಕೊಡಗಿನಲ್ಲಿ ಕಾರು ಓಡಿಸುವ ಖುಷಿಯೆಲ್ಲ ಮೂವತ್ತರಿಂದ ಅರವತ್ತರೊಳಗೆ, ಸೆಕೆಂಡು ಮತ್ತು ಥರ್ಡ್ ಗೇರಿನಲ್ಲಿ ಮುಗಿದುಹೋಗುತ್ತದೆ. ತಿರುವಿಗೆ ಮೊದಲು ಬ್ರೇಕು, ಗೇರು ಒಂದು ಇಳಿಸುವುದು, ಮುಂದಿನ ಟೈರು ನೆಲ ಕಚ್ಚಿಕೊಂಡಿದ್ದು ಸ್ಟೇರಿಂಗಿನಿಂದ ಅಂಗೈಗೆ ಗೊತ್ತಾಗುವುದು, ತಿರುವು ಬಿಚ್ಚಿಕೊಂಡ ಕೂಡಲೇ ಕಾಲು ಒತ್ತುವುದು. ಮಳೆಗಾಲದಲ್ಲಂತೂ ಉದುರಿದ ಸಿಲ್ವರ್ ಓಕ್ ಮರದ ಎಲೆ, ಅಂಚಿನ ಪಾಚಿ, ತೋಟದಿಂದ ಟ್ರ್ಯಾಕ್ಟರ್ ಹೊತ್ತು ತಂದ ಕೆಸರು ಎಲ್ಲ ಸೇರಿ ನಲವತ್ತರ ಸ್ಪೀಡಿನಲ್ಲೇ ಎದೆ ಡವಡವ ಅನ್ನುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಈ ಎರಡು ಗೇರಿನಲ್ಲಿ ಯಾವ ಕಾರು ನನ್ನ ಜೊತೆ ಮಾತಾಡುತ್ತದೆ?

ಪೋಲೋದ ಓನರ್ ಕುಶಾಲನಗರದ ಒಬ್ಬರು ನಿವೃತ್ತ ಮೇಷ್ಟ್ರು. ಕೆಎ-12 ನಂಬರು, ಅವರೇ ಮೊದಲ ಓನರು, ಪ್ರತಿ ಸರ್ವಿಸಿನ ಬಿಲ್ಲೂ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಒಂದು ಭಾನುವಾರ ಕಾರನ್ನು ನಮ್ಮ ಅಂಗಳಕ್ಕೇ ತಂದರು. ಕಾಫಿ ಕುಡಿದು, ಸಿದ್ದಾಪುರ, ಚೆಟ್ಟಳ್ಳಿ ಮೇಲೆ ಮಡಿಕೇರಿವರೆಗೆ ನಾನೇ ಓಡಿಸಿದೆ. ಏನು ಹೇಳುವುದು, ಒಂದು ತಪ್ಪೂ ಇಲ್ಲ. ಎಂಜಿನ್ನು ನಿಮಿಷಕ್ಕೆ 1500 ಸುತ್ತಿನಿಂದಲೇ ಎಳೆಯುತ್ತದೆ, ಏರಿನಲ್ಲಿ ಯಾವ ಗೇರು ಬೇಕು ಅಂತ ನಾನು ಯೋಚಿಸುವಷ್ಟರಲ್ಲಿ ಅದು ಹಾಕಿಕೊಂಡಾಗಿರುತ್ತದೆ. ದೊಡ್ಡ ತೋಟಗಳಲ್ಲಿ ಒಳ್ಳೆಯ ರೈಟರ್ ಒಬ್ಬ ಇರುತ್ತಾನಲ್ಲ, ಹಾಗೆ. ಬೆಳಿಗ್ಗೆ ನೀವು ಏಳುವ ಮುಂಚೆ ಆಳು ಹಂಚಿ, ಗೊಬ್ಬರ ಇಳಿಸಿ, ಪೈಪು ಜೋಡಿಸಿ ಮುಗಿಸಿರುತ್ತಾನೆ, ನಿಮ್ಮದೇ ತೋಟದಲ್ಲಿ ನಿಮಗೆ ಏನೂ ಕೆಲಸ ಇರುವುದಿಲ್ಲ. ಮೇಷ್ಟ್ರು ಪ್ರಾಮಾಣಿಕರು. "ಘಾಟಿಯಲ್ಲಿ ಲಾರಿ ಹಿಂದೆ ತೆವಳಿಸಬೇಡಿ, ಇದು ಒಣ ಕ್ಲಚ್ಚು, ಬಿಸಿಯಾಗುತ್ತದೆ, ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಹೋಗಿ" ಅಂತ ಪಾಠದ ಹಾಗೆ ಹೇಳಿಕೊಟ್ಟರು.

ಪುಂಟೋ ಮೈಸೂರಿನ ಒಬ್ಬ ಹುಡುಗನದು. ಗೋಣಿಕೊಪ್ಪದವರೆಗೆ ತರುತ್ತೇನೆ ಅಂದ. ನಾನು ಬಸ್ಸಿನಲ್ಲಿ ತಿತಿಮತಿಗೆ ಹೋಗಿ ಅಲ್ಲಿಂದಲೇ ಹತ್ತಿಕೊಂಡೆ. ಒಂದು ವಿಷಯ ಗಮನಿಸಿದೆ, ಹುಡುಗ ಪ್ರತಿ ಹಂಪನ್ನೂ ಓರೆಯಾಗಿ ಹತ್ತಿಸುತ್ತಿದ್ದ, ಒಂದೊಂದೇ ಚಕ್ರ, ಉಸಿರು ಬಿಗಿಹಿಡಿದುಕೊಂಡು. ಯಾಕೆ ಅಂತ ಕೇಳಲಿಲ್ಲ, ಅವನೂ ಹೇಳಲಿಲ್ಲ.

ವಿರಾಜಪೇಟೆ ದಾಟಿದ ಮೇಲೆ ಸ್ಟೇರಿಂಗು ನನ್ನ ಕೈಗೆ ಬಂತು. ಪೆರುಂಬಾಡಿ, ಆಮೇಲೆ ಮಾಕುಟ್ಟ ಘಾಟಿ ಇಳಿದು ತಿರುಗಿ ಹತ್ತಿದೆವು. ಸೀಟು ಎತ್ತರ, ಕ್ಲಚ್ಚು ಭಾರ, ಹೈಡ್ರಾಲಿಕ್ ಸ್ಟೇರಿಂಗು ನಿಂತಲ್ಲಿ ತಿರುಗಿಸಲು ತೋಳು ಬೇಕು. ಎರಡು ಸಾವಿರ ಸುತ್ತಿನ ಕೆಳಗೆ ಟರ್ಬೊ ನಿದ್ದೆ ಮಾಡುತ್ತದೆ, ಮೇಲೆ ಹೋದ ಕೂಡಲೇ ಕಟ್ಟೆ ಒಡೆದ ಗದ್ದೆ ನೀರಿನ ಹಾಗೆ ಒಮ್ಮೆಲೇ ನುಗ್ಗುತ್ತದೆ. ಹೇರ್‌ಪಿನ್ನಿನಲ್ಲಿ ನಿಧಾನವಾಗಿ ಸೆಕೆಂಡ್ ಗೇರಿನಲ್ಲಿ ಹೋದರೆ ಕಾರು ಮುಗ್ಗರಿಸುತ್ತದೆ. ಮೊದಲನೇ ತಿರುವು ಹಾಳು ಮಾಡಿದೆ. ಎರಡನೆಯದೂ ಹಾಳು, ಮೂರನೆಯದರಲ್ಲಿ ಎಂಜಿನ್ನೇ ಆಫ್, ಹಿಂದಿನಿಂದ ಕೇರಳದ ಬಸ್ಸಿನವನು ಹಾರನ್ ಒತ್ತಿಯೇ ಇಟ್ಟ. ನಾಲ್ಕನೆಯದಕ್ಕೆ ಮುಂಚೆಯೇ ಬ್ರೇಕು ಮುಗಿಸಿ, ಆಕ್ಸಿಲರೇಟರಿಗೆ ಒಂದು ತಟ್ಟು ಕೊಟ್ಟು ಸೆಕೆಂಡ್ ಹಾಕಿ, ಸುತ್ತು ಬೀಳಲು ಬಿಡದೆ ತಿರುಗಿಸಿದೆ ನೋಡಿ, ಕಾರು ತಿರುವಿನ ಒಳಗಂಚಿಗೆ ಅಂಟಿಕೊಂಡು ಹೋಗಿ ಆಚೆ ಹಾರಿತು, ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಐವತ್ತೆರಡು ವಯಸ್ಸಿನವನು ನಗುವ ನಗೆಯಲ್ಲ ಅದು. ಹುಡುಗನೂ ನಕ್ಕ, ಆಮೇಲೆ ಕಿಟಕಿ ಕಡೆ ಮುಖ ತಿರುಗಿಸಿ ಸುಮ್ಮನಾದ. ಮದುವೆಯಾಗುತ್ತಿದ್ದಾನಂತೆ, ದುಡ್ಡು ಬೇಕಂತೆ.

ಅಜ್ಜನ ವಿಲ್ಲಿಸ್ ಜೀಪು ನೆನಪಾಯಿತು. ಗೇರು ಇಳಿಸುವಾಗ ಅಜ್ಜ ಎರಡು ಸಲ ಕ್ಲಚ್ಚು ಒತ್ತುತ್ತಿದ್ದರು, ತಪ್ಪಿದರೆ ಗೇರುಬಾಕ್ಸು ಇಡೀ ಊರಿಗೆ ಕೇಳುವ ಹಾಗೆ ಬೈಯುತ್ತಿತ್ತು. ನನಗೆ ಡ್ರೈವಿಂಗ್ ಕಲಿಸಿದ್ದು ಆ ಬೈಗುಳವೇ.

ಮರುದಿನ ನಮ್ಮ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಪುಂಟೋ ಅಂದ ಕೂಡಲೇ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. "ಸಾರ್, ಫಿಯೆಟ್ ಇಲ್ಲಿ ಕಾರು ಮಾರುವುದೇ ನಿಲ್ಲಿಸಿ ಎಷ್ಟು ವರ್ಷ ಆಯ್ತು. ಅದಕ್ಕೆ ಪಾರ್ಟ್ಸ್ ಹುಡುಕಲು ಹೋಗ್ಲಿಕ್ಕೆ ನಿಮಗೆ ಇನ್ನೊಂದು ಕಾರು ಬೇಕು."

"ಪೋಲೋ?"

"ಅದೂ 2022ಕ್ಕೆ ನಿಂತಿತು. ಆದರೆ ರಸ್ತೆಯಲ್ಲಿ ಬೇಕಾದಷ್ಟು ಉಂಟು, ಸಾಮಾನು ಸಿಗ್ತದೆ. ಆ ಗೇರ್‌ಬಾಕ್ಸ್ ಮಾತ್ರ ನಾನು ಬಿಚ್ಚುವುದಿಲ್ಲ, ಈಗಲೇ ಹೇಳಿದ್ದೇನೆ."

"ನೀನಾಗಿದ್ದರೆ ಯಾವುದು ತಗೊಳ್ತಿದ್ದೆ?"

"ಸ್ವಿಫ್ಟು" ಅಂದ.

ಹೆಂಡತಿ ಕೇಳಿದ್ದು ಒಂದೇ ಮಾತು: "ಅದು ಮನೆವರೆಗೆ ಬರ್ತದಾ?" ಹಾರ್ಸ್‌ಪವರ್, ಟರ್ಬೊ, ಚೇಳು ಎಲ್ಲ ಆಮೇಲಿನದು. ಅಬಾರ್ತ್ ಪುಂಟೋದ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 155 ಮಿಲಿಮೀಟರು. ಆ ಹುಡುಗ ಹಂಪನ್ನು ಓರೆಯಾಗಿ ಹತ್ತಿಸುತ್ತಿದ್ದದ್ದು ಸುಮ್ನೆ ಅಲ್ಲ. ತೋಟದಲ್ಲಿ ಕಸಿ, ಅಂದರೆ ಗಿಡದ ಕೊಂಬೆ ಸವರುವ ಕೆಲಸ ನಡೆಯುತ್ತಿತ್ತು, ಕೊಯ್ದು ಬಿಸಾಡಿದ ಕಾಫಿ ಕೊಂಬೆಯಲ್ಲಿ ನೆಟ್ಟಗಿದ್ದದ್ದೊಂದು ಆರಿಸಿ, ಮಗಳ ಹಳೇ ಸ್ಕೇಲು ಇಟ್ಟು ಹದಿನೈದೂವರೆ ಸೆಂಟಿಮೀಟರಿಗೆ ಸರಿಯಾಗಿ ಕತ್ತರಿಸಿದೆ. ಆ ಕೋಲು ಹಿಡಿದು ಗೇಟಿನಿಂದ ಅಂಗಳದವರೆಗೆ ಗೆರೆಯೊಳಗೆ ಕುಕ್ಕರಗಾಲಲ್ಲಿ ಕೂತು ಕೂತು, ದಿಬ್ಬದ ಪ್ರತಿ ಕಲ್ಲಿನ ಪಕ್ಕ ನಿಲ್ಲಿಸಿ ನೋಡುತ್ತಾ ಬಂದೆ. ಕೆಲಸದ ಹೆಂಗಸರು ಕತ್ತಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅಣಬೆ ಹುಡುಕುತ್ತಿದ್ದಾರೆ ಅಂದುಕೊಂಡಿರಬೇಕು. ಮೂರು ಕಡೆ ಕಲ್ಲು ಕೋಲಿಗಿಂತ ಎತ್ತರ ಇತ್ತು. ಕೆರೆ ಪಕ್ಕದ ತಿರುವಿನಲ್ಲಂತೂ ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಒಡೆಯುವುದು ಗ್ಯಾರಂಟಿ.

ಸಂಜೆ ಟ್ರ್ಯಾಕ್ಟರಿನವನಿಗೆ ಫೋನು ಮಾಡಿ, ಆ ಮೂರು ಕಲ್ಲು ಕೀಳಿಸಿ ಗೆರೆಗಳಿಗೆ ತುಂಬಿಸಲು ಎರಡು ಲೋಡು ಜಲ್ಲಿ ಹೇಳಿದೆ. ಹೆಂಡತಿ ಅಕ್ಕಿ ರೊಟ್ಟಿ ತಟ್ಟುತ್ತಾ ಎಲ್ಲ ಕೇಳಿಸಿಕೊಂಡಳು.

"ಮೇಷ್ಟ್ರ ಕಾರು ಅಂಗಳಕ್ಕೇ ಬಂದು ಹೋಯ್ತಲ್ಲ, ಎಲ್ಲೂ ತಾಗಲಿಲ್ಲ."

"ಹೌದು."

"ಮತ್ತೆ ಜಲ್ಲಿ ಯಾಕೆ?"

ಕೋಲು ಇನ್ನೂ ನನ್ನ ಕೈಯಲ್ಲೇ ಇತ್ತು. ಮೇಷ್ಟ್ರಿಗೆ ಫೋನು ಮಾಡಿ ಏನಂತ ಹೇಳುವುದು ಅಂತ ಯೋಚಿಸುತ್ತಾ ಅದನ್ನು ಒಲೆಯ ಪಕ್ಕ ಸೌದೆ ಮೇಲೆ ಇಟ್ಟೆ, ಆಮೇಲೆ ಏನೋ ಅನಿಸಿ ವಾಪಸ್ ತೆಗೆದುಕೊಂಡೆ.