ಲಾರಿ ತೆಗಿ, ಮುಂದಿನ ವರ್ಷದ್ದು ಬರಿ

ಶಾಲೆಯ ಕೈಬರಹದ ಪತ್ರಿಕೆಗೆ ಮಕ್ಕಳು ಕೊಟ್ಟ ಕಥೆಗಳನ್ನು ಎರಡು ದಿನದಿಂದ ಓದುತ್ತಿದ್ದೇನೆ. ಅಪ್ಪನ ಮಾತು ಮೀರಿದ ಹುಡುಗ ಒಂದೋ ಸಾಯುತ್ತಾನೆ, ಇಲ್ಲಾ ವಾಪಸ್ ಬಂದು ಅಪ್ಪನ ಕಾಲು ಹಿಡಿಯುತ್ತಾನೆ. ಮೂರನೇ ದಾರಿಯೇ ಇಲ್ಲ. ಓದಿ ನಿಜಕ್ಕೂ ಸಂಕಟವಾಯಿತು.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬರೆದ ಕಥೆ ಕೇಳಿ. ಅಪ್ಪ ಮಲಗಿದ ಮೇಲೆ ಹುಡುಗ ಬೈಕಿನ ಚಾವಿ ಎತ್ತುತ್ತಾನೆ. ಓಣಿ ದಾಟುವ ತನಕ ಗಾಡಿ ಚಾಲೂ ಮಾಡದೆ ನೂಕಿಕೊಂಡೇ ಹೋಗುತ್ತಾನೆ. ಸಪ್ಪಳ ಆಗಬಾರದೆಂದು ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿದ್ದಾನೆ. ಎಷ್ಟು ಚಂದ ನೋಡಿದ್ದಾನೆ! ಮುಂದಿನ ಸಾಲಿಗೇ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ. ಮುಗಿಯಿತು.

ಕರೆದು ಕೇಳಿದೆ, ಯಾಕಪ್ಪಾ ಸಾಯಿಸಿದಿ?

"ತಪ್ಪು ಮಾಡ್ಯಾನಲ್ರಿ ಸರ್, ಶಿಕ್ಷಾ ಆಗಬೇಕಲ್ರಿ."

ಈ ಉತ್ತರ ಅವನದಲ್ಲ, ನಾವು ಕಲಿಸಿದ್ದು. ಕೊನೆಗೆ ನೀತಿ ಇದೆಯಾ ಅಂತ ನೋಡಿ ಬಹುಮಾನ ಕೊಡುವವರು ನಾವೇ ಅಲ್ವಾ?

ಲಾರಿ ತೆಗಿ, ಪೊಲೀಸರು ಹಿಡಿಯಲಿ ಅಂದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ, ಹದಿನೆಂಟು ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು; ತನಗೆ ಗೊತ್ತಿಲ್ಲದೆ ಆದದ್ದು ಅಂತ ಸಾಬೀತು ಮಾಡಿದರಷ್ಟೇ ಬಿಡುಗಡೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಈಗ ಹೇಳಿ, ಕಥೆಯಲ್ಲಿ ಆ ಅಪ್ಪ ಮಗ್ಗ ನೇಯುವವನು. 25,000 ಎಲ್ಲಿಂದ ತರುತ್ತಾನೆ? ಬೈಕ್ ಇಲ್ಲದೆ ಸೀರೆ ಗಂಟು ಹೇಗೆ ಒಯ್ಯುತ್ತಾನೆ? ಮಗ ಬದುಕಿದ್ದಾನೆ, ಎದುರಿಗೇ ಕೂತು ಊಟ ಮಾಡುತ್ತಿದ್ದಾನೆ. ನನಗೆ ಬೇಕಿರುವ ಕಥೆ ಇದು.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ.

ನಮ್ಮದೂ ಬೆಟಗೇರಿಯ ನೇಕಾರರ ಮನೆ. ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸ್ ತಗೋ ಅಂತ ಅಪ್ಪ, ಆರ್ಟ್ಸೇ ಬೇಕು ಅಂತ ನಾನು. ಫೀ ಕಟ್ಟಲು ಕೊಟ್ಟ ರೊಕ್ಕ ತಗೊಂಡು ಹುಬ್ಬಳ್ಳಿ ಬಸ್ ಹತ್ತಿಬಿಟ್ಟೆ. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿಂದೆ, ರಾತ್ರಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕಳೆದೆ. ಮರುದಿನ ಮನೆಗೆ ಬಂದರೆ ಅಪ್ಪ ಹೊಡೆಯಲಿಲ್ಲ. "ಊಟಾ ಮಾಡಿಯೇನು?" ಅಂದ, ಅಷ್ಟೇ. ವಾರದಲ್ಲಿ ಆರ್ಟ್ಸಿಗೆ ಸೇರಿದೆ. ನಾನು ಗೆದ್ದೆ. ಇವತ್ತಿಗೂ ನಾನು ಮಾಡಿದ್ದು ಸರಿ ಅಂತಲೇ ಅನ್ನುತ್ತೇನೆ.

ಮುಂದಿನ ವರ್ಷ ತಂಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಹೊಸ ನೋಟ್‌ಬುಕ್ಕಿಗೆ ಖಾಕಿ ಹಾಳೆಯ ರಟ್ಟು ಹಾಕಿ, "ಪಿಯುಸಿ ಪ್ರಥಮ ವರ್ಷ" ಅಂತ ದುಂಡಗೆ ಬರೆದಿಟ್ಟಿದ್ದಳು. ಅಪ್ಪ ಕಳಿಸಲಿಲ್ಲ. "ಗಂಡು ಹುಡುಗ ಒಂದ ರಾತ್ರಿ ಹೊರಗಿದ್ದಾಗ ಓಣಿ ಮಂದಿ ಎಷ್ಟ ಮಾತಾಡಿದ್ರು. ಇಕಿದು ಹೆಚ್ಚು ಕಮ್ಮಿ ಆದರ ಯಾರಿಗೆ ಮುಖ ತೋರಸ್ಲಿ?" ಅಂದ. ಅವಳು ಎದುರಾಡಲಿಲ್ಲ. ಅವ್ವನ ಪಕ್ಕ ಕೂತು ನೂಲು ಸುತ್ತತೊಡಗಿದಳು. ಆ ನೋಟ್‌ಬುಕ್ಕಿನಲ್ಲಿ ಅವ್ವ ಹಾಲಿನ ಲೆಕ್ಕ ಬರೆದಳು. ದಿನಾ ಕಾಲೇಜಿಗೆ ಹೊರಡುವಾಗ ಗೂಡಿನಲ್ಲಿ ಅದು ಕಾಣುತ್ತಿತ್ತು.

ಹುಡುಗರು ತಿರುಗಿ ಬೀಳುವ ಕಥೆ ಬರೆಯುವ ದೊಡ್ಡವರಿಗೂ ನಾನು ಕೇಳುವುದು ಇಷ್ಟೇ. ಅವನು ಮನೆಗೆ ಬಂದ ರಾತ್ರಿಗೇ ನಿಲ್ಲಿಸಬೇಡಿ. ಅವನು ಸರಿ ಇರಬಹುದು, ಅಪ್ಪನೂ ಪೂರ್ತಿ ಕೆಟ್ಟವನಲ್ಲದೆ ಇರಬಹುದು. ಅವನು ಮಾಡಿದ್ದನ್ನು ಅನುಭವಿಸುವವರು ಯಾವ ಕೋಣೆಯಲ್ಲಿ ಕೂತಿದ್ದಾರೆ, ಅದನ್ನು ಹುಡುಕಿ. ಲಾರಿ ಹಾಯಿಸಿಬಿಟ್ಟರೆ ಆ ಕೋಣೆಗೆ ಹೋಗುವವರೇ ಇಲ್ಲ.

ಹೋದ ವಾರ ತಂಗಿ ಫೋನ್ ಮಾಡಿದ್ದಳು. ಅವಳ ಮಗಳಿಗೆ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವ ಆಸೆ, ಭಾವನವರು ಒಪ್ಪುತ್ತಿಲ್ಲ. ಮನೆಯಲ್ಲಿ ದಿನಾ ಜಗಳವಂತೆ. ನಾನು ಬಂದು ಹುಡುಗಿಗೆ ಸಮಾಧಾನ ಹೇಳಲಾ ಅಂತ ಕೇಳಿದೆ.

"ಬ್ಯಾಡ ಅಣ್ಣಾ," ಅಂದಳು. "ಇನ್ನೂ ಜೋರು ಮಾಡು ಅಂತ ನಾನ ಹೇಳೀನಿ."